ಗುತ್ತಿಗೆದಾರರ ಗುಟ್ಟು ಎಲ್ಲಿಯವರೆಗೆ?

ಸರ್ಕಾರಿ ಕಾಮಗಾರಿಯ ಗುತ್ತಿಗೆದಾರರು ಕೊಟ್ಟ ಕಾಗದಪತ್ರಗಳನ್ನೆಲ್ಲ ಮಾಹಿತಿ ಹಕ್ಕಿನಿಂದ ಹೊರಗಿಡಬೇಕು, ಇಲ್ಲವಾದರೆ ಒಬ್ಬರ ವ್ಯಾಪಾರದ ಗುಟ್ಟು ಇನ್ನೊಬ್ಬರ ಕೈಸೇರುತ್ತದೆ ಎಂದು ವಾದಿಸಿರುವ ಲೇಖನ ಕಾನೂನನ್ನು ಅರ್ಧಕ್ಕೇ ಓದಿದೆ.

ಆ ಭಯಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೇ ಉತ್ತರವಿದೆ. 8(1)(ಡಿ) ಕಲಂ ವ್ಯಾಪಾರ ರಹಸ್ಯವನ್ನು ಕಾಯುತ್ತದೆ. ಆದರೆ ಬಹಿರಂಗವಾದರೆ ಸ್ಪರ್ಧೆಯಲ್ಲಿ ಹಾನಿಯಾಗುವಂತಿರಬೇಕು, ವಿಶಾಲ ಸಾರ್ವಜನಿಕ ಹಿತ ಎದುರಾದರೆ ಆ ರಕ್ಷಣೆಯೂ ಸರಿಯುತ್ತದೆ. 11ನೇ ಕಲಂ ಪ್ರಕಾರ, ಗೋಪ್ಯವೆಂದು ಪರಿಗಣಿಸಿದ ಮಾಹಿತಿ ಕೊಡುವ ಮುನ್ನ ಅಧಿಕಾರಿ ಅರ್ಜಿ ಬಂದ 5 ದಿನದೊಳಗೆ ಗುತ್ತಿಗೆದಾರರಿಗೆ ನೋಟಿಸ್ ಕಳಿಸಬೇಕು. ಆಕ್ಷೇಪಕ್ಕೆ ಅವರಿಗೆ 10 ದಿನ. ಮೇಲ್ಮನವಿಯ ದಾರಿಯೂ ಇದೆ. 10ನೇ ಕಲಂ ಇನ್ನೂ ಸರಳ: ಗುಟ್ಟಿನ ಭಾಗ ಬೇರ್ಪಡಿಸಿ, ಉಳಿದದ್ದನ್ನು ಕೊಡಿ.

ಇಷ್ಟು ಬೇಲಿಗಳಿರುವಾಗ ಕೋಟೆ ಏಕೆ?

ಟೆಂಡರ್ ತೆರೆಯುವ ಮುನ್ನ ದರ ಗುಟ್ಟಾಗಿರಲೇಬೇಕು, ನಿಜ. ತೆರೆದ ಮೇಲೆ? ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಇದೇ 8(1)(ಡಿ) ಕಲಂ ಅನ್ನು ಪರಿಶೀಲಿಸಿತು. ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮುನ್ನ ಗೋಪ್ಯ, ಮುಗಿದ ಮೇಲೆ ಅಲ್ಲ ಎಂದಿತು. ಟೆಂಡರಿಗೂ ಈ ತರ್ಕ ಹೊಂದುತ್ತದೆ.

ಅಳತೆ ಪುಸ್ತಕದ ವಿಷಯವಂತೂ ಬೇರೆಯೇ. ಎಷ್ಟು ಜಲ್ಲಿ ಬಿತ್ತು, ಡಾಂಬರಿನ ದಪ್ಪ ಎಷ್ಟು ಎಂಬ ಆ ಬರಹ ಗುತ್ತಿಗೆದಾರರ ಸ್ವತ್ತಲ್ಲ, ಇಲಾಖೆಯ ದಾಖಲೆ. 2(ಜೆ) ಕಲಂ ಕಾಮಗಾರಿಯನ್ನು ಕಣ್ಣಾರೆ ನೋಡುವ, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಲೇಖನದ ಸಲಹೆ ಜಾರಿಯಾದರೆ ಊರಿನವರು ರಸ್ತೆಯ ಡಾಂಬರನ್ನು ಕೈಯಲ್ಲಿ ಹಿಡಿಯಬಹುದು. ಅದಕ್ಕೆ ಗುತ್ತಿಗೆದಾರರು ಸಲ್ಲಿಸಿದ ಬಿಲ್ಲನ್ನು ಮಾತ್ರ ನೋಡುವಂತಿಲ್ಲ.