ಲೆಕ್ಕದ ಎರಡನೆಯ ಪ್ರತಿ ಎಲ್ಲಿದೆ?

ನಮ್ಮ ಸಣ್ಣ ವರ್ತಕರು ಹಾಗೂ ಕಿರು ಉದ್ದಿಮೆದಾರರಲ್ಲಿ ಅನೇಕರ ಲೆಕ್ಕಪತ್ರಗಳು ಇಂದು ಮನೆಯ ಕಂಪ್ಯೂಟರಿನಲ್ಲಿಯೇ ಇವೆ. ಹಗಲು ಅಂಗಡಿಯ ವ್ಯವಹಾರ ಮುಗಿಸಿ, ರಾತ್ರಿ ಮನೆಯಲ್ಲಿ ಕುಳಿತು ಟ್ಯಾಲಿಯಲ್ಲಿ ನಮೂದಿಸುವುದು ರೂಢಿ. ಇದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಲೆಕ್ಕದ ಎರಡನೆಯ ಪ್ರತಿ ಬೇರೆಡೆ ಇಲ್ಲದಿರುವುದು ನಿಸ್ಸಂಶಯವಾಗಿ ತಪ್ಪು.

ಪರಿಚಿತ ವರ್ತಕರೊಬ್ಬರ ಕಂಪ್ಯೂಟರಿನಲ್ಲಿ ಕೆಲವು ದಿನಗಳಿಂದ ಹಾರ್ಡ್ ಡಿಸ್ಕ್ ‘ಟಕ್ ಟಕ್’ ಎಂದು ಸದ್ದು ಮಾಡುತ್ತಿತ್ತು. ಕಡತ ತೆರೆಯಲು ನಿಮಿಷಗಳೇ ಹಿಡಿಯುತ್ತಿದ್ದವು. 20ನೇ ತಾರೀಖಿಗೆ ಜಿಎಸ್‌ಟಿಆರ್-3ಬಿ ಸಲ್ಲಿಸಿದ ಮೇಲೆ ನೋಡೋಣವೆಂದು ಅವರು ಮುಂದೂಡಿದರು. 18ರ ರಾತ್ರಿಯೇ ಡಿಸ್ಕ್ ನಿಂತುಹೋಯಿತು. ಹಿಂದೆ ಸಲ್ಲಿಸಿದ್ದ ರಿಟರ್ನುಗಳೇನೋ ಜಿಎಸ್‌ಟಿ ಜಾಲತಾಣದಲ್ಲಿದ್ದವು. ಆದರೆ ಯಾರಿಂದ ಎಷ್ಟು ಉದ್ರಿ ಬರಬೇಕು, ಗೋದಾಮಿನ ದಾಸ್ತಾನು ಎಷ್ಟು ಎಂಬ ವಿವರ ಅಲ್ಲಿ ದೊರೆಯುವುದಿಲ್ಲ. ಕೊನೆಗೆ ಬಾಕಿದಾರರು ಹೇಳಿದ ಮೊತ್ತವನ್ನೇ ನಂಬಿ ಖಾತೆ ಬರೆಯಬೇಕಾಯಿತು. ಕೆಟ್ಟುಹೋದ ಡಿಸ್ಕಿನ ಬೆಲೆ ಕೆಲವೇ ಸಾವಿರ ರೂಪಾಯಿ. ಕಳೆದುಹೋದ ಉದ್ರಿಯ ಮೊತ್ತ ಅದರ ಅನೇಕ ಪಟ್ಟು.

ಡಿಸ್ಕ್ ನಿಧಾನವಾದರೆ ಮೊದಲು ನಕಲು, ಆನಂತರ ತಪಾಸಣೆ. ಲೆಕ್ಕದ ಕಡತಗಳನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳದೆ ದುರಸ್ತಿ ತಂತ್ರಾಂಶ ನಡೆಸಿದರೆ ಅಥವಾ ವಿಂಡೋಸ್ ಮರಳಿ ಹಾಕಿಸಿದರೆ ಉಳಿದಿದ್ದೂ ಅಳಿಸಿಹೋಗಬಹುದು. ಸದ್ದು ಕೇಳಿಬಂದರೆ ಯಂತ್ರವನ್ನು ಆರಿಸಿ, ಮಾಹಿತಿ ಮರಳಿ ಪಡೆಯುವಲ್ಲಿ ಪರಿಣತರಾದವರ ಬಳಿಗೆ ಒಯ್ಯುವುದು ಲೇಸು. ಈಗಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗಗಳಿಲ್ಲ. ಅವು ಯಾವ ಸದ್ದೂ ಇಲ್ಲದೆ ಏಕಾಏಕಿ ಕೆಡಬಹುದು. ಆದುದರಿಂದ ಮುನ್ಸೂಚನೆಗಾಗಿ ಕಾಯುವುದು ವಿವೇಕವಲ್ಲ.

ಇದು ಕೇವಲ ಅನುಕೂಲದ ಮಾತಲ್ಲ, ಕಾನೂನಿನ ಹೊಣೆಯೂ ಹೌದು. 2017ರ ಸಿಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ, ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ವಿದ್ಯುನ್ಮಾನ ದಾಖಲೆಗಳು ಅಪಘಾತದಿಂದ ನಾಶವಾದರೂ ಮರಳಿ ಪಡೆಯಲು ಸಾಧ್ಯವಾಗುವಂತೆ ಬ್ಯಾಕಪ್ ಇರಿಸಬೇಕೆಂದು 57ನೇ ನಿಯಮ ಹೇಳುತ್ತದೆ. ಕಂಪನಿಗಳಾದರೆ, 2022ರ ತಿದ್ದುಪಡಿಯ ಮೇರೆಗೆ, ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಬ್ಯಾಕಪ್ ಇರಿಸತಕ್ಕದ್ದು. ಅಧಿಕಾರಿಗಳ ಮುಂದೆ ‘ಡಿಸ್ಕ್ ಕೆಟ್ಟಿತು’ ಎಂಬ ಸಮಜಾಯಿಷಿಯನ್ನೇ ನೆಚ್ಚಿಕೊಳ್ಳುವಂತಿಲ್ಲ.

ನನ್ನ ಸಲಹೆ ಸರಳವಾದುದು. ಅಂಗಡಿ ಮುಚ್ಚುವ ಮುನ್ನ ರೋಕಡ ಶಿಲ್ಕು ಎಣಿಸುವಂತೆ, ದಿನದ ನಮೂದು ಮುಗಿದೊಡನೆ ಹೊರಗಿನ ಡಿಸ್ಕಿಗೆ ಒಂದು ಪ್ರತಿ ತೆಗೆದು, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಡಿ. ಜೋಡಿಸಿಯೇ ಬಿಟ್ಟರೆ ವೈರಸ್ಸಾಗಲಿ ವಿದ್ಯುತ್ ಏರುಪೇರಾಗಲಿ ಎರಡನ್ನೂ ಒಟ್ಟಿಗೆ ಕೆಡಿಸಬಹುದು. ಇನ್ನೊಂದು ಪ್ರತಿ ಬೇರೆ ಸ್ಥಳದಲ್ಲಿರಲಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಶಿಲ್ಕು ತಾಳೆಯಾಗುವುದೇ ಎಂದು ನೋಡಿ. ತೆರೆದು ನೋಡದ ಬ್ಯಾಕಪ್ಪು ಎಣಿಸದ ರೋಕಡದಂತೆ. ಇದೆಯೆಂಬುದು ನಂಬಿಕೆ ಮಾತ್ರ. ಸದಸ್ಯ ಬಾಂಧವರು ಈ ಕೆಲಸವನ್ನು ಇಂದು ರಾತ್ರಿಯೇ ಆರಂಭಿಸಲೆಂದು ವಿನಂತಿಸುತ್ತೇನೆ.