ತಾಪಮಾನ ಏರಿಕೆ ಮತ್ತು ಡೆಂಗಿ ಸೊಳ್ಳೆ: ಬನ್ನಿಮಂಟಪ ಪ್ರದೇಶದ ನಾಗರಿಕರ ಗಮನಕ್ಕೆ

ಸೊಳ್ಳೆಯೇ ಇಲ್ಲದ ದೇಶವೆಂದು ಹೆಸರಾಗಿದ್ದ ಐಸ್‌ಲ್ಯಾಂಡಿನಲ್ಲಿ 2025ರ ಅಕ್ಟೋಬರ್ ಮಾಹೆಯಲ್ಲಿ ಮೊದಲ ಬಾರಿಗೆ ಮೂರು ಸೊಳ್ಳೆಗಳು ಪತ್ತೆಯಾದವು. ಅವು ಚಳಿ ತಡೆಯಬಲ್ಲ ಜಾತಿಯವಾದ್ದರಿಂದ ತಾಪಮಾನ ಏರಿಕೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ಆದರೆ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದ್ದು ಹಿತವಾದ ಹವೆಗೆ ಹೆಸರಾದ ಮೈಸೂರಿನಂತಹ ನಗರದಲ್ಲಿ, ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮಟ್ಟಿಗೆ, ಶಾಖದ ಪಾತ್ರ ಸ್ಪಷ್ಟವಾಗಿದೆ.

ರೋಗಿಯ ರಕ್ತ ಹೀರಿದ ಸೊಳ್ಳೆಯು ಕೂಡಲೇ ರೋಗ ಹರಡುವುದಿಲ್ಲ. ವೈರಾಣುವು ಅದರ ದೇಹದಲ್ಲಿ ವೃದ್ಧಿಯಾಗಿ ಜೊಲ್ಲುಗ್ರಂಥಿಯನ್ನು ತಲುಪಬೇಕು. ಇದಕ್ಕೆ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸರಾಸರಿ 15 ದಿನಗಳು ಬೇಕಾದರೆ, 30 ಡಿಗ್ರಿಯಲ್ಲಿ ಆರೇಳು ದಿನಗಳು ಸಾಕು. ಕೆಲವೇ ವಾರ ಬದುಕುವ ಸೊಳ್ಳೆಗೆ ಇದು ಅಲ್ಪ ವ್ಯತ್ಯಾಸವಲ್ಲ. ತಂಪು ಹವೆಯಲ್ಲಿ ಅನೇಕ ಸೊಳ್ಳೆಗಳು ರೋಗ ಹರಡುವ ಮೊದಲೇ ಸಾಯುತ್ತವೆ. ಹವೆ ಬೆಚ್ಚಗಾದಂತೆ ಈ ರಕ್ಷಣೆ ಕುಗ್ಗುತ್ತದೆ. 35 ಡಿಗ್ರಿ ಮೀರಿದ ಬಿಸಿ ಸೊಳ್ಳೆಗೂ ಪ್ರತಿಕೂಲವೇ ಆದ್ದರಿಂದ, ಸುಡುಬಿಸಿಲಿನ ಊರುಗಳಿಗಿಂತ ತಂಪಿನ ಊರುಗಳಿಗೇ ಈ ಬದಲಾವಣೆಯಿಂದ ಹೆಚ್ಚು ಹಾನಿಯ ಸಂಭವವಿದೆ.

ಮಳೆಗಾಲ ಕಳೆದರೆ ಅಪಾಯ ಕಳೆಯಿತೆಂಬ ನಂಬಿಕೆ ಸರಿಯಲ್ಲ. ಬೇಸಿಗೆಯ ಅಭಾವಕ್ಕೆಂದು ಡ್ರಮ್ಮು, ತೊಟ್ಟಿಗಳಲ್ಲಿ ಶೇಖರಿಸಿದ ನೀರೂ ಸೊಳ್ಳೆಗೆ ಅಷ್ಟೇ ಅನುಕೂಲ. ವಸತಿ ಬಡಾವಣೆಗಳೂ ಕೈಗಾರಿಕಾ ಪ್ರದೇಶವೂ ಹತ್ತಿರವಿರುವ ಬನ್ನಿಮಂಟಪದಲ್ಲಿ ಹಳೆಯ ಟೈರು, ಗುಜರಿ ಸಾಮಾನು, ಮುಚ್ಚದ ಸಂಪುಗಳ ಕಡೆಗೆ ವಿಶೇಷ ಗಮನ ಅಗತ್ಯ. ಪಂಜಿನ ಕವಾಯತು ನೋಡಲು ಊರೆಲ್ಲ ಇಲ್ಲಿಗೆ ಬರುವ ದಸರಾ ದಿನಗಳೂ ಮಳೆ ಪೂರ್ತಿ ನಿಲ್ಲದ ದಿನಗಳೇ.

ಈಡಿಸ್ ಸೊಳ್ಳೆಯು ನೀರಿನ ಅಂಚಿನಲ್ಲಿ, ಪಾತ್ರೆಯ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಅವು ಒಣಗಿದರೂ ತಿಂಗಳುಗಟ್ಟಲೆ ಉಳಿದು, ನೀರು ಸೋಕಿದಾಗ ಮರಿಯಾಗುತ್ತವೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ಒಳಭಾಗವನ್ನು ಉಜ್ಜಿ ತೊಳೆಯತಕ್ಕದ್ದು. ಸಂಜೆಯ ಹೊಗೆ ಸಿಂಪಡಣೆಯನ್ನೇ ನೆಚ್ಚುವುದು ಸೂಕ್ತವಲ್ಲ. ಈ ಸೊಳ್ಳೆ ಕಚ್ಚುವುದು ಬಹುಪಾಲು ಹಗಲಿನಲ್ಲಿ.

ರಾಜ್ಯ ಸರ್ಕಾರವು 2024ರ ಸೆಪ್ಟೆಂಬರ್ ಮಾಹೆಯಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವವರಿಗೆ ದಂಡ ನಿಗದಿಪಡಿಸಿತು. ನಗರ ಪ್ರದೇಶದಲ್ಲಿ ಮನೆಗಳಿಗೆ ರೂ. 400, ವಾಣಿಜ್ಯ ಸಂಸ್ಥೆಗಳಿಗೆ ರೂ. 1,000 ಹಾಗೂ ನಿರ್ಮಾಣ ಹಂತದ ಕಟ್ಟಡಗಳಿಗೆ ರೂ. 2,000. ಬಾಡಿಗೆಗೆ ಕೊಟ್ಟ ಸ್ವತ್ತಿನಲ್ಲಿ ಮಾಲೀಕರಿಗೂ ವಾಸವಿರುವವರಿಗೂ ಹೊಣೆಯಿರುವುದನ್ನು ಗಮನಿಸುವುದು. ಜ್ವರ ಕಾಣಿಸಿದವರು ವೈದ್ಯರ ಸಲಹೆಯಿಲ್ಲದೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ಸೇವಿಸದೆ, ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.