ಪಂಕವಿಲ್ಲದೆ ಪಂಕಜವುಂಟೇ?

ಪಂಕಜ, ನೀರಜ, ಸರಸಿಜ, ಅಂಬುಜ — ತಾವರೆಯ ಈ ಹೆಸರುಗಳನ್ನು ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲರೂ ತಪ್ಪಿಲ್ಲದೆ ಬರೆಯುತ್ತೇವೆ. ಓದು ಬಾರದ ನನ್ನ ತಾಯಿಗೆ ಇವುಗಳಲ್ಲಿ ಒಂದೂ ತಿಳಿಯದು. ಆದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಮ್ಮೂರ ಕೆರೆಗಿಳಿದು, ತಾವರೆಯ ಮೊಗ್ಗು ಕೊಯ್ದು, ಪೇಟೆಯಲ್ಲಿ ಮಾರಿ, ಆ ಹಣದಿಂದ ನನಗೆ ಪುಸ್ತಕ ಕೊಡಿಸಿದವಳು ಅವಳೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆ ಮೆಟ್ಟಿಲಿನ ಬುಡದಲ್ಲಿ ಕೆರೆಯ ಕೆಸರಿದೆಯೆಂದು ಹೇಳಲು ನನಗೆ ಸಂಕೋಚವಿಲ್ಲ.

ಮೂರು ವರ್ಷಗಳ ಹಿಂದೆ ನಮ್ಮೂರ ಕೆರೆ 'ಅಭಿವೃದ್ಧಿ' ಹೊಂದಿತು. ಯಂತ್ರಗಳು ಹೂಳೆತ್ತಿದವು, ದಡವನ್ನು ಕಡಿದಾಗಿ ಕೊರೆದು ಸುತ್ತಲೂ ಕಲ್ಲು ಕಟ್ಟಿದರು. ಈಗ ನೀರು ಹೆಚ್ಚು ನಿಲ್ಲುತ್ತದೆ, ಅದು ಸಂತೋಷವೇ. ಆದರೆ ಹೂಳಿನೊಡನೆ ತಾವರೆಯ ಗೆಡ್ಡೆಗಳೂ ಲಾರಿಯೇರಿ ಹೋದವು. ಈಗ ಅಲ್ಲಿ ಹಬ್ಬುತ್ತಿರುವುದು ದಕ್ಷಿಣ ಅಮೆರಿಕ ಮೂಲದ ನೇರಳೆ ಹೂವಿನ ಕಳೆ. ಅದು ತೇಲಿಕೊಂಡೇ ಬೆಳೆಯುತ್ತದೆ. ಅದಕ್ಕೆ ಕೆಸರು ಬೇಕಿಲ್ಲ, ಚರಂಡಿಯ ನೀರಿದ್ದರೆ ಸಾಕು.

ಹೂಳೆತ್ತಬಾರದೆಂಬುದು ನನ್ನ ವಾದವಲ್ಲ. ಹೂಳು ತುಂಬಿದ ಕೆರೆಯಿಂದ ರೈತನಿಗೇನು ಪ್ರಯೋಜನ? ನಾನು ಕೇಳುವುದಿಷ್ಟೇ: ಕೆರೆಯ ಒಂದು ಮೂಲೆಯನ್ನಾದರೂ ಇಳಿಜಾರಾಗಿ, ಕೆಸರು ಉಳಿಸಿ ಬಿಡಬೇಕು, ಚರಂಡಿಯನ್ನು ಬೇರೆಡೆಗೆ ತಿರುಗಿಸಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಇವೆರಡೂ ನೀರಾವರಿಗೆಂದು ಕಟ್ಟಿದ ಕೆರೆಗಳೇ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. ಬೆಳೆಗೆ ನೀರು, ಜೀವಿಗಳಿಗೆ ನೆಲೆ, ಎರಡೂ ಒಂದೇ ಕೆರೆಯಲ್ಲಿ ಸಾಧ್ಯ.

ತಾವರೆ ನೆಡುವುದು ಕಷ್ಟವೇನಲ್ಲ. ಬೇಸಿಗೆಯಲ್ಲಿ ನೀರು ತಗ್ಗಿದಾಗ, ಮೊಳಕೆ ಮುರಿಯದ ಗೆಡ್ಡೆಯನ್ನು ಕೆಸರಿನಲ್ಲಿ ಅಡ್ಡಲಾಗಿ ಹುದುಗಿಸಿ, ಮೊಳಕೆಯ ತುದಿಯನ್ನು ಮಾತ್ರ ಮೇಲೆ ಬಿಡಬೇಕು. ಮೊದಲಿಗೆ ಗೇಣುದ್ದ ನೀರು ಸಾಕು. ಎಲೆ ಏರಿದಂತೆ ನೀರೂ ಏರಬಹುದು. ಬೀಜವಾದರೆ ಅದರ ಗಟ್ಟಿ ಸಿಪ್ಪೆಯನ್ನು ಕಲ್ಲಿಗೆ ಉಜ್ಜಿ ನೆನೆಹಾಕಬೇಕು. ಆ ಸಿಪ್ಪೆಯ ಕಾವಲಿನಲ್ಲಿ ಚೀನದ ಒಣಕೆರೆಯೊಂದರ ಸುಮಾರು 1300 ವರ್ಷ ಹಳೆಯ ಬೀಜವೂ ಮೊಳೆತಿದೆ.

ತಾವರೆಯೂ ಕೆರೆಯನ್ನೆಲ್ಲ ಮುಚ್ಚೀತೆಂದು ಕೆಲವರು ಆಕ್ಷೇಪಿಸಬಹುದು. ಮಾತು ನಿಜ. ಅದಕ್ಕೆಂದೇ ಹೂವು, ಎಲೆ, ಗೆಡ್ಡೆ ಕೊಯ್ಯುವ ಕೈಗಳು ಬೇಕು. ಆ ಕೈಗಳಿಗೆ ನಾಲ್ಕು ಕಾಸು ಸಿಕ್ಕರೆ ತಪ್ಪೇನು?

ಮಿತ್ರರೇ, ಗುರುಗಳೇ, ಮುಂದಿನ ಸೇವಾ ಶಿಬಿರ ನಮ್ಮೂರ ಕೆರೆಯಂಗಳದಲ್ಲಿ ನಡೆಯಲಿ. ಪದವಿ ಮುಗಿದಿದ್ದರೂ ಮೊದಲು ಕೆಸರಿಗಿಳಿಯುವವನು ನಾನು. ಗೆಡ್ಡೆ ನೆಡುವುದನ್ನು ಕಲಿಸಲು ನನ್ನ ತಾಯಿ ಬರುತ್ತಾಳೆ.